ನನ್ನ ಡಬ್ಬಿ ಕ್ಯಾಮೆರಾದ ಪರೀಕ್ಷೆ

ನಮ್ಮ ಪಡಸಾಲೆಯ ಗೂಟಕ್ಕೆ ಎರಡು ಕಾವಿ ಬಟ್ಟೆಯ ಚೀಲಗಳು ತೂಗುತ್ತವೆ. ಒಂದರಲ್ಲಿ ವಿಭೂತಿ ಗಟ್ಟಿ, ರುದ್ರಾಕ್ಷಿ, ಪಂಚಾಂಗ ಇರುತ್ತವೆ. ಅದು ನಮ್ಮ ಯಜಮಾನರದು. ಮಹಾರಾಷ್ಟ್ರದ ಗಡಿಯೊಳಗಿನ ಕಾಸಾರಶಿರಸಿಯ ಮಠಪತಿಗಳ ಮನೆ ನಮ್ಮದು. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ, ಯಾರ ಮನೆಗೆ ಹೊಸ ಹೊಸ್ತಿಲು ಕೂರಿಸಿದರೂ ಅವರು ಆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡಬೇಕು. ಇನ್ನೊಂದು ಚೀಲ ನನ್ನದು. ಅದರಲ್ಲಿ ಒಂದು ಕ್ಯಾಮೆರಾ ಇದೆ. ಅಂಗೈಗಿಂತ ತುಸು ದೊಡ್ಡದು. ಗುಂಡಿ ಒತ್ತಿದರೆ ಆಮೆಯ ಹಾಗೆ ಕುತ್ತಿಗೆ ಹೊರಗೆ ಹಾಕುತ್ತದೆ. ಇನ್ನಷ್ಟು ಎಳೆದರೆ ದೂರದ್ದನ್ನು ಹತ್ತಿರ ತಂದುಕೊಡುತ್ತದೆ.

ಎರಡೂ ಚೀಲಗಳನ್ನು ಒಂದೇ ಬಟ್ಟೆಯಲ್ಲಿ ಹೊಲಿದವಳು ನಾನು. ಆದ್ದರಿಂದ ಮುಂದೆ ಆದದ್ದಕ್ಕೂ ತಪ್ಪು ನನ್ನದೇ. ಒಂದು ಗೃಹಪ್ರವೇಶದಲ್ಲಿ ಯಜಮಾನರು ಮಂತ್ರ ಹೇಳುತ್ತ ಹೇಳುತ್ತ ವಿಭೂತಿಗೆಂದು ಚೀಲದಲ್ಲಿ ಕೈ ಹಾಕಿ, ಸಿಕ್ಕಿದ್ದನ್ನು ಹೊರಗೆ ತೆಗೆದು ಮನೆಯೊಡೆಯನ ಹಣೆಯವರೆಗೂ ಒಯ್ದಿದ್ದರು. ಆತ ಪಾಪ, ಫೋಟೋ ತೆಗೆಯುತ್ತಾರೆಂದು ಅಂಗಿಯ ಕಾಲರ್ ಸರಿಮಾಡಿಕೊಂಡು ಸೆಟೆದು ನಿಂತನಂತೆ.

"ಬಾಯಿ, ನಿನ್ನ ಡಬ್ಬಿ ನನ್ನ ಮಾನ ಕಳೀತು," ಎಂದು ಅವರು ಅಂದು ಮನೆಗೆ ಬಂದವರೇ ಚೀಲವನ್ನು ನನ್ನ ಮುಂದೆ ಇಟ್ಟರು.

ಈ 'ಬಾಯಿ'ಯ ಕಥೆಯನ್ನೂ ಹೇಳಿಬಿಡುತ್ತೇನೆ. ನಾನು ಮೂವತ್ತು ವರ್ಷ ಮರಾಠಿ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳು. ನಮ್ಮ ಕಡೆ ಶಿಕ್ಷಕಿಗೆ ಮಕ್ಕಳು ಮರಾಠಿಯಲ್ಲಿ ಬಾಯಿ ಎನ್ನುತ್ತಾರೆ. ಮಕ್ಕಳಿಂದ ಅದು ಪಾಲಕರಿಗೆ, ಅವರಿಂದ ಸಂತೆಯವರಿಗೆ, ಕೊನೆಗೆ ಬಸ್ಸಿನ ಕಂಡಕ್ಟರಿಗೂ ಅಂಟಿತು. ಮನೆಯಲ್ಲಿ ಕನ್ನಡವಾದ್ದರಿಂದ ಯಜಮಾನರು ಆ ಶಬ್ದಕ್ಕೆ ತಮಗೆ ಬೇಕಾದ ಅರ್ಥ ಮಾಡಿಕೊಂಡರು. "ಶಾಲ್ಯಾಗ ಹೆಸರಿಗಿ ಬಾಯಿ, ಮನ್ಯಾಗ ಖರೇನೇ ಬಾಯಿ," ಎಂದು ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಾರೆ.

ನಿವೃತ್ತಿಯಾದ ತಿಂಗಳು ಉದಗೀರಕ್ಕೆ ಹೋಗಿ ಈ ಕ್ಯಾಮೆರಾ ತಂದೆ. ಫೋನಿನಲ್ಲೇ ಎಲ್ಲ ಇರುವ ಕಾಲದಲ್ಲಿ ಇದು ಯಾಕೆ ಎಂದು ಅಂಗಡಿಯವನೇ ಕೇಳಿದ. ಅವನಿಗೆ ಉತ್ತರ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ನನಗೆ ಏಳು ವರ್ಷವಿದ್ದಾಗ ಅಪ್ಪ ನಮ್ಮನ್ನೆಲ್ಲ ಉಮರ್ಗಾದ ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದರು. ನಮ್ಮ ಅಜ್ಜಿಗೆ ಫೋಟೋ ಎಂಬ ಶಬ್ದ ಬಾರದು. ನಿಜಾಮನ ಕಾಲದವಳು, ತಸ್ಬೀರ ಎನ್ನುತ್ತಿದ್ದಳು. ತಸ್ಬೀರಕ್ಕೆಂದು ನನಗೆ ತಲೆ ತುಂಬ ಎಣ್ಣೆ, ಎರಡು ಜಡೆ, ಕೆನ್ನೆಗೆ ಪೌಡರು. ಹಿಂದಿನ ಪರದೆಯ ಮೇಲೆ ಒಂದು ಕೆರೆ, ಎರಡು ಹಂಸ, ನಾವ್ಯಾರೂ ಕಾಣದ ಹಿಮದ ಗುಡ್ಡ. ದೀಪದ ಕಾವಿಗೆ ಹಣೆಯ ಎಣ್ಣೆ ಇಳಿದು ಮೂಗಿನ ತುದಿಗೆ ಬಂತು. ಫೋಟೋದವನು "ಹಲೂ ನಕಾ" ಅಂದ, ಅಲುಗಾಡಬೇಡಿ ಎಂದು. ಸರಿಯಾಗಿ ಅದೇ ಗಳಿಗೆಗೆ ನಾನು ಮೂಗು ಒರೆಸಿಕೊಂಡೆ. ಫೋಟೋ ಬಂದಾಗ ಎಲ್ಲರೂ ಒಂದೊಂದು ಮೂಗಿನವರು, ನಾನೊಬ್ಬಳು ಮೂರು ಮೂಗಿನವಳು. ಆ ಫೋಟೋಕ್ಕೆ ಅಪ್ಪ ಚೌಕಟ್ಟು ಬೇರೆ ಹಾಕಿಸಿದರು. ಮದುವೆಯಾಗಿ ಬರುವವರೆಗೂ ಬಂದುಹೋದವರೆಲ್ಲ ಅದರ ಮುಂದೆ ನಿಂತು, "ಇದು ಯಾರು?" ಎಂದು ಕೇಳುತ್ತಿದ್ದರು. ಎಂದಾದರೊಂದು ದಿನ ಕ್ಯಾಮೆರಾದ ಈಚೆ ಬದಿಗೆ ನಿಲ್ಲಬೇಕೆಂದು ಆಗಲೇ ಅಂದುಕೊಂಡಿದ್ದೆ. ಅದಕ್ಕೆ ಐವತ್ತು ವರ್ಷ ಹಿಡಿಯಿತು, ಅಷ್ಟೆ.

ಕ್ಯಾಮೆರಾ ತಂದ ವಾರದಲ್ಲೇ ನನ್ನ ಅಣ್ಣನ ಮಗ ಬಸು ಬಂದ. ಅವನು ನಿಲಂಗಾದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮದುವೆ, ಹೆಸರಿಡುವ ಬಾರಸೆ, ಪುಢಾರಿಗಳ ಹುಟ್ಟುಹಬ್ಬ, ಎಲ್ಲಕ್ಕೂ ಅವನೇ ಬೇಕು. ಅವನ ಕ್ಯಾಮೆರಾ ನೋಡಬೇಕು ನೀವು, ಕೊರಳಿಗೆ ಹಾಕಿಕೊಂಡರೆ ಬೆನ್ನು ಬಾಗುತ್ತದೆ. ನಾನು ತೆಗೆದ ಫೋಟೋಗಳನ್ನು ಅವನು ಲ್ಯಾಪ್‌ಟಾಪಿನಲ್ಲಿ ಹಾಕಿ, ದೊಡ್ಡದು ಮಾಡುತ್ತ ಮಾಡುತ್ತ ಹೋದ. ಡಾಕ್ಟರರು ಎಕ್ಸ್‌ರೇ ನೋಡುವಾಗ ಮಾಡುವ ಮುಖ ಮಾಡಿದ.

"ಅತ್ತಿ, ಖರೇ ಹೇಳ್ಲಾ? ಇದರಾಗ ಜೀವ ಇಲ್ಲ."

"ಯಾಕೋ? ಮುಂದಿನ ಮನಿ ಕಸ್ತೂರಬಾಯಿ ಮೂಗುತಿ ಸುದ್ದಾ ಕಾಣ್ಲತದ."

"ಮೂಗುತಿ ಕಾಣ್ತದ, ಅದರ ಸುತ್ತ ನೋಡ್ರಿ. ಜ್ವಾಳದ ಹಿಟ್ಟು ಚೆಲ್ಲಿದಂಗ ಕಾಳು ಕಾಳು. ಒಳಗಿನ ಸೆನ್ಸರ್ ಉಗುರಿನಷ್ಟು ಅದ. ಝೂಮ್ ಎಳದ್ರಿ ಅಂದ್ರ ಮುಗೀತು. ಡಬ್ಬಿ ಅದ ಅತ್ತಿ ಇದು, ಡಬ್ಬಿ."

ಅಂದಿನಿಂದ ಅದರ ಹೆಸರೇ ಡಬ್ಬಿ ಆಯಿತು. ಮೂವತ್ತು ವರ್ಷ ಮಕ್ಕಳ ಚಿತ್ರಗಳಿಗೆ ಅಂಕ ಕೊಟ್ಟವಳಿಗೆ ಮೊದಲ ಸಲ ಯಾರೋ ಸೊನ್ನೆ ಹಾಕಿದ್ದರು. ನನಗೆ ರಾತ್ರಿ ಊಟ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೇರಿತು, ಆದರೆ ಸಿಟ್ಟಿನಿಂದ ಸೇರಿತು.

ಫೋಟೋ ಚೆನ್ನಾಗಿದೆ ಎಂದು ಹೇಳುವುದು ಹೇಗೆ? ಮರುದಿನದಿಂದ ಸಿಕ್ಕಸಿಕ್ಕವರನ್ನು ಕೇಳತೊಡಗಿದೆ. ಯಜಮಾನರ ಲೆಕ್ಕದಲ್ಲಿ ಹಣೆಯ ಮೇಲಿನ ವಿಭೂತಿಯ ಮೂರು ಗೆರೆ ಮೂರಾಗಿಯೇ ಕಂಡರೆ ಫೋಟೋ ಪಾಸು. ಕಸ್ತೂರಬಾಯಿಗೆ ತಾನು ಇರುವುದಕ್ಕಿಂತ ಎರಡು ಬಣ್ಣ ಬೆಳ್ಳಗೆ ಕಂಡರೆ ಪಾಸು. ದೇವಣಿಯಿಂದ ದನ ತಂದು ಮಾರುವ ಒಬ್ಬರು, ಹೋರಿಯ ಮೈಮೇಲಿನ ಕಪ್ಪು ಮಚ್ಚೆಯ ಅಂಚು ಹರಿಯದೆ ನಿಂತರೆ ಅದು ಫೋಟೋ ಎಂದರು. ನನಗೆ ಆ ಮಾತು ಹಿಡಿಸಿತು. ನಾನು ನನ್ನದೇ ಒಂದು ಪರೀಕ್ಷೆ ಮಾಡಿಕೊಂಡೆ: ಮಾಳಿಗೆ ಮೇಲೆ ನಿಂತು ಬಸ್‌ ಸ್ಟ್ಯಾಂಡಿನ ಕಡೆ ಝೂಮ್ ಎಳೆಯುವುದು. ನಮ್ಮೂರಿಗೆ ಎರಡೂ ರಾಜ್ಯದ ಬಸ್ಸು ಬರುತ್ತವೆ. ಮರಾಠಿ ಬೋರ್ಡು ಓದಿದರೆ ಐವತ್ತು ಅಂಕ, ಕನ್ನಡ ಬೋರ್ಡಿನ ಒತ್ತಕ್ಷರವೂ ಓದಿದರೆ ನೂರು. ನನ್ನ ಡಬ್ಬಿಗೆ ಎಂದೂ ಎಂಬತ್ತಕ್ಕೆ ಕಡಿಮೆ ಬರಲಿಲ್ಲ. ಇದನ್ನು ಬಸುವಿಗೆ ಫೋನಿನಲ್ಲಿ ಹೇಳಿದರೆ, "ಬೋರ್ಡ್ ಓದ್ಲಾಕ ಕ್ಯಾಮೆರಾ ಯಾಕ್ರಿ ಅತ್ತಿ, ಕಂಡಕ್ಟರಗ ಕೇಳ್ರಿ," ಎಂದ.

ಹೀಗಿರುವಾಗ ಗುರಪ್ಪ ಮನೆಗೆ ಬಂದ. ಊರ ಹೊರಗೆ ಹೊಲ, ಕೊಟ್ಟಿಗೆ ತುಂಬ ದೇವಣಿ ದನ ಇರುವ ಮನೆತನ. ಅವನ ಮಗಳು ಶಿವಲೀಲಾ ನನ್ನ ಕೈಯಲ್ಲಿ ಕಲಿತವಳು. ಚಿತ್ರ ಬರೆ ಎಂದರೆ ಬರೀ ಜಗಳಾಡುವ ಹೋರಿ ಬರೆಯುತ್ತಿದ್ದಳು. ಈಗ ಹನ್ನೊಂದನೆಯ ಇಯತ್ತೆ. ಕೊಟ್ಟಿಗೆಯ ಹಿಂದೆ ಕೆಂಪು ಮಣ್ಣು ಹದಮಾಡಿ ಗುರಪ್ಪ ಅವಳಿಗೆ ನಾಲ್ಕು ವರ್ಷದಿಂದ ಕುಸ್ತಿ ಕಲಿಸುತ್ತಿದ್ದ.

"ಬಾಯಿ, ಉದಗೀರದಾಗ ಹುಡಗೇರ ಕುಸ್ತಿ ಅದ. ಗೆದ್ದಾಕಿಗಿ ಲಾತೂರಿನ ತಾಲೀಮ ಕೇಂದ್ರದಾಗ ಇಟ್ಕೊಂಡು ಕಲಸ್ತಾರ. ನಿಮ್ಮ ಕ್ಯಾಮೆರಾ ತಗೊಂಡು ಬರ್ರಿ. ಆಕಿದು ಒಂದು ಛೊಲೋ ಫೋಟೋ ಮನ್ಯಾಗ ಇರ್ಲಿ."

"ಮುಂದ ಗೆಲ್ಲತಾಳ, ಎಷ್ಟೋ ಫೋಟೋ ಬರ್ತಾವ."

ಗುರಪ್ಪ ನೆಲ ನೋಡಿದ. "ನಮ್ಮಪ್ಪ ಮಾತು ಮುಗಿಸ್ಯಾನ್ರಿ ಬಾಯಿ. ಈ ವರ್ಷ ಒಂದೇ. ಗೆದ್ದರ ಆಕಿ ಹಾದಿ ಆಕಿಗಿ, ಸೋತರ ತಾಲೀಮ ಬಂದ್ ಅಂದಾನ."

ಅವನ ಅಪ್ಪ ಎಂದರೆ ಮಲ್ಲಪ್ಪ ಅಜ್ಜ. ಆ ಮನೆಯಲ್ಲಿ ಯಾವ ಹೊಲಕ್ಕೆ ಏನು ಬಿತ್ತಬೇಕು ಎಂಬುದರಿಂದ ಹಿಡಿದು ಚಹಕ್ಕೆ ಎಷ್ಟು ಬೆಲ್ಲ ಎಂಬುದರವರೆಗೆ ಅವರದೇ ಮಾತು. ಕೆಟ್ಟವರಲ್ಲ. ಆದರೆ ಒಮ್ಮೆ ಅಂದರೆ ಅಂದರು. ನಾನು ಡಬ್ಬಿಯ ಬ್ಯಾಟರಿ ಚಾರ್ಜಿಗೆ ಹಾಕಿದೆ.

ಉದಗೀರದ ಮೈದಾನದಲ್ಲಿ ಬೆಳಿಗ್ಗೆ ಹತ್ತಕ್ಕೇ ಜನ ತುಂಬಿತ್ತು. ನಡುವೆ ಹಳದಿ ಬಣ್ಣದ ದೊಡ್ಡ ಮ್ಯಾಟು ಹಾಸಿದ್ದರು. ಒಂದು ಬದಿಗೆ ಮೆಟ್ಟಿಲು, ಇನ್ನೊಂದು ಬದಿಗೆ ಅತಿಥಿಗಳ ಮಂಟಪ. ಮಂಟಪದ ಮುಂದೆ ನೋಡಿದರೆ ನಮ್ಮ ಬಸು! ಸಂಯೋಜಕರು ಫೋಟೋಕ್ಕೆ ಅವನನ್ನೇ ಕರೆಸಿದ್ದರು. ದೂರದಿಂದಲೇ ನನ್ನ ಕೈಯಲ್ಲಿದ್ದದ್ದನ್ನು ನೋಡಿ, ಡಬ್ಬಿಯ ಮುಚ್ಚಳ ತೆಗೆದಂತೆ ಕೈಸನ್ನೆ ಮಾಡಿ ನಕ್ಕ.

ನನ್ನ ಮೊಣಕಾಲು ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿಲ್ಲ. ಮೈದಾನದ ತುದಿಯಲ್ಲಿ, ಮ್ಯಾಟಿನಿಂದ ಒಂದು ಹೊಲದ ಅಗಲದಷ್ಟು ದೂರ, ನೆಲದ ಮೇಲೆ ಜಮಖಾನೆ ಹಾಸಿದ್ದರು. ಅಲ್ಲೇ ಕುಳಿತೆ. ಪಕ್ಕದಲ್ಲಿ ಮಲ್ಲಪ್ಪ ಅಜ್ಜ ಬಂದು ಕುಳಿತರು. ಮೊಮ್ಮಗಳ ಕುಸ್ತಿ ನೋಡಲು ಅವರು ಬಂದದ್ದು ಅದೇ ಮೊದಲು.

"ಇಲ್ಲಿಂದ ನಿಮಗ ಏನ್ ಕಾಣ್ತದ ಬಾಯಿ?" ಎಂದರು.

"ಇದರಾಗ ಕಾಣ್ತದ್ರಿ," ಎಂದು ಡಬ್ಬಿ ತೋರಿಸಿದೆ.

ಶಿವಲೀಲಾ ಕೆಂಪು ಪೋಷಾಕಿನಲ್ಲಿ ಬಂದಳು. ಎರಡು ಕುಸ್ತಿ ಬೇಗ ಗೆದ್ದಳು. ಕೊನೆಯದಕ್ಕೆ ಎದುರಾದವಳು ಉಮರ್ಗಾದ ಕೋಮಲ್, ನೀಲಿ ಪೋಷಾಕು, ಎತ್ತರದ ಹುಡುಗಿ, ಕೈ ಹಿಡಿದರೆ ಬಿಡದವಳು. ಗುಣ, ಅಂದರೆ ಅಂಕ, ಒಮ್ಮೆ ಇವಳಿಗೆ ಒಮ್ಮೆ ಅವಳಿಗೆ ಬರುತ್ತ ಹೋಗಿ, ಕೊನೆಗೆ ನಲವತ್ತು ಸೆಕೆಂಡು ಉಳಿದಾಗ ಶಿವಲೀಲಾ ಒಂದು ಗುಣ ಹಿಂದಿದ್ದಳು. ಆಗಲೇ ಕೋಮಲ್ ಅವಳ ನಡು ಹಿಡಿದು ತಿರುವಿ ಬೆನ್ನಿನ ಮೇಲೆ ಕೆಡವಿದಳು. ನಾನು ಗುಂಡಿ ಒತ್ತಿಯೇ ಹಿಡಿದೆ. ಹಾಗೆ ಹಿಡಿದರೆ ಡಬ್ಬಿ ಒಂದರ ಹಿಂದೊಂದು ಫೋಟೋ ತೆಗೆಯುತ್ತದೆ. ಶಿವಲೀಲಾ ಕುತ್ತಿಗೆಯ ಮೇಲೆ ಭಾರ ಹಾಕಿ ಕಮಾನಿನ ಹಾಗೆ ಎದ್ದಳು. ಎರಡೂ ಭುಜ ಮ್ಯಾಟಿಗೆ ತಾಗಿದರೆ ಚೀತ್, ಆಟ ಮುಗಿದಂತೆ. ಆಡಿಸುವ ಪಂಚರು, ಅಂದರೆ ತೀರ್ಪುಗಾರರು, ಆಚೆ ಬದಿಯಲ್ಲಿ ಮಲಗಿ ನೋಡಿದರು, ಅಂಗೈಯಿಂದ ಮ್ಯಾಟು ಬಡಿದರು, ಪೀಪಿ ಊದಿದರು.

ಚೀತ್.

ಶಿವಲೀಲಾ ಎದ್ದು ಕುಳಿತು ತನ್ನ ಎಡಭುಜ ತಟ್ಟಿಕೊಂಡು, "ಹಾ ಟೇಕಲಾ ನಾಹೀ! ತಾಗಿಲ್ಲ ಇದು, ತಾಗಿಲ್ಲ!" ಎಂದು ಎರಡೂ ಭಾಷೆಯಲ್ಲಿ ಕೂಗಿದಳು. ಮೆಟ್ಟಿಲ ಮೇಲಿನ ಜನರ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ, ನನಗೆ ಆಮೇಲೆ ಅವಳೇ ಹೇಳಿದ್ದು.

ಮಲ್ಲಪ್ಪ ಅಜ್ಜ ಎದ್ದು ಚಪ್ಪಲಿ ಮೆಟ್ಟಿದರು. "ಆಯ್ತು. ನಡೀರಿ ಮನಿಗಿ."

ಆ ಹುಡುಗಿಯ ಮುಖ ನೋಡುವ ಧೈರ್ಯವಾಗದೆ ನಾನು ಡಬ್ಬಿಯ ಹಿಂದಿನ ಪರದೆ ನೋಡುತ್ತ ಕುಳಿತೆ. ಒಂಬತ್ತು ಫೋಟೋ ಬಂದಿದ್ದವು. ಒಂದೊಂದೇ ಸರಿಸಿದೆ. ಆರನೆಯದರಲ್ಲಿ ಪಂಚರ ಅಂಗೈ ಮ್ಯಾಟಿನ ಮೇಲೆ ಬಿದ್ದಿತ್ತು. ಅದೇ ಫೋಟೋದಲ್ಲಿ ನನ್ನ ಕಡೆಗಿದ್ದ ಶಿವಲೀಲಾಳ ಎಡಭುಜವೂ ಇತ್ತು. ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ಭುಜಕ್ಕೂ ಅದರ ನೆರಳಿಗೂ ನಡುವೆ ಸಣ್ಣದೊಂದು ಹಳದಿ ಗೆರೆ.

"ಅಜ್ಜಾ, ನಿಂದ್ರಿ!" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮೊಣಕಾಲನ್ನು ಅಲ್ಲೇ ಜಮಖಾನೆಯ ಮೇಲೆ ಬಿಟ್ಟುಬಂದವಳಂತೆ ಓಡಿದೆ. ಗೆದ್ದವಳ ಕೈ ಎತ್ತುವವರೆಗೆ ತೀರ್ಪು ಪೂರ್ತಿಯಾಗುವುದಿಲ್ಲ ಎಂದು ಗುರಪ್ಪ ಹೇಳಿದ್ದ. ನಾನು ಮ್ಯಾಟಿನ ಅಂಚಿಗೆ ಹೋದಾಗ ಪಂಚರು ಕೋಮಲ್‌ಳ ಮಣಿಕಟ್ಟು ಹಿಡಿದಿದ್ದರು.

ಮುಖ್ಯ ಪಂಚರು ಹಳೆಯ ಪೈಲವಾನರು, ಮುದುಡಿದ ಕಿವಿ, ಬಿಳಿ ಮೀಸೆ. ಎಲ್ಲರೂ ಅವರನ್ನು ವಸ್ತಾದ್ ಎನ್ನುತ್ತಿದ್ದರು. ನಾನು ಏದುಸಿರು ಬಿಡುತ್ತ ಡಬ್ಬಿ ಮುಂದೆ ಹಿಡಿದೆ.

"ಬಾಯಿ, ಫೋಟೋವರ್ ನಿಕಾಲ್ ದೇತ ನಾಹೀ ಆಮ್ಹೀ," ಎಂದರು. ಫೋಟೋ ನೋಡಿ ತೀರ್ಪು ಕೊಡುವುದಿಲ್ಲ ನಾವು.

"ನಿಕಾಲ್ ದೇಊ ನಕಾ. ನುಸತಂ ಬಘಾ," ಎಂದೆ. ತೀರ್ಪು ಬೇಡ, ಬರೀ ನೋಡಿ.

ಮೂವತ್ತು ವರ್ಷ ಹಿಂದಿನ ಬೆಂಚಿನವರನ್ನು ಸುಮ್ಮನಿರಿಸಿದ ದನಿ ಅದು, ಇನ್ನೂ ಸವೆದಿರಲಿಲ್ಲ. ವಸ್ತಾದ್ ಬಾಗಿದರು. ಬಿಸಿಲಿಗೆ ಪರದೆ ಕಾಣಲಿಲ್ಲ. ನಾನು ಹಿಂದೆ ಮುಂದೆ ನೋಡದೆ ಸೆರಗು ಬಿಚ್ಚಿ ಅವರ ತಲೆಯ ಮೇಲೆ ಹಿಡಿದೆ. ಮೇಜಿನ ಹತ್ತಿರವಿದ್ದ ಇನ್ನಿಬ್ಬರು ಪಂಚರೂ ಒಳಗೆ ತಲೆ ಹಾಕಿದರು. ಇಡೀ ಮೈದಾನದೆದುರು ಮೂವರು ಪೈಲವಾನರು ಒಬ್ಬ ಮಾಸ್ತರಬಾಯಿಯ ಸೆರಗಿನೊಳಗೆ!

"ಸಾವಲೀ ಆಹೇ," ಎಂದರು ಒಬ್ಬರು. ನೆರಳು ಅದು.

"ಎಂಥಾ ನೆರಳ್ರಿ? ಹಳದಿ ನೆರಳ ಇರ್ತದೇನು?" ಎಂದೆ ನಾನು.

ಜನರು ತಮ್ಮ ತಮ್ಮ ಫೋನು ತಂದು ತೋರಿಸತೊಡಗಿದರು. ಎಲ್ಲ ಮೇಲಿನಿಂದ ತೆಗೆದವು. ದೊಡ್ಡದು ಮಾಡಿದರೆ ಕೆಂಪು ನೀಲಿ ಕಲಸಿದ ರೊಜ್ಜು. ವಸ್ತಾದ್ ಸೆರಗಿನಿಂದ ತಲೆ ಹೊರಗೆ ಹಾಕಿ, "ಆ ಫೋಟೋಗ್ರಾಫರ್ ಎಲ್ಲಿ? ಅವನ ದೊಡ್ಡ ಕ್ಯಾಮೆರಾದಾಗ ಏನ್ ಬಂದದ ನೋಡ್ರಿ," ಎಂದರು.

ಬಸು ಬಂದ. ಆ ಗಳಿಗೆಯಲ್ಲಿ ಅವನ ದೊಡ್ಡ ಕ್ಯಾಮೆರಾದಲ್ಲಿ ಬಂದದ್ದು ಒಬ್ಬ ಅತಿಥಿಗೆ ಶಾಲು ಹೊದಿಸುತ್ತಿರುವ ಇನ್ನೊಬ್ಬ ಅತಿಥಿ. ಹನ್ನೆರಡು ಫೋಟೋ, ಒಂದೊಂದು ಎಳೆಯೂ ಕಾಣುವಷ್ಟು ಸ್ವಚ್ಛ.

"ಹಂಗಾರ ಇದನ್ನ ನೋಡು," ಎಂದು ವಸ್ತಾದ್ ನನ್ನ ಡಬ್ಬಿಯನ್ನು ಅವನ ಕೈಗೆ ಕೊಟ್ಟರು. "ನೀ ಇದೇ ಧಂದೆ ಮಾಡಾಂವ. ಖರೇ ಹೇಳು. ಈ ಫೋಟೋ ನಂಬಬಹುದೋ ಇಲ್ಲೋ?"

ಅಣ್ಣನ ಮಗ ಅಂತ ಅವನು ಸುಳ್ಳು ಹೇಳುವವನಲ್ಲ. ಕಾಳು ಕಾಳು ಇದೆ ಎಂದು ಒಂದು ಮಾತು ಅಂದರೆ ಮುಗಿದೇ ಹೋಯಿತು. ಬಸು ಸೆರಗಿನೊಳಗೆ ತಲೆ ಹಾಕಿದ. ಐದನೆಯ ಫೋಟೋ ನೋಡಿದ, ಆರನೆಯದು, ಏಳನೆಯದು. ಮತ್ತೆ ಆರಕ್ಕೆ ಬಂದ. ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

"ಕಾಳು ಅವ," ಎಂದ.

ನಾನು ಕಣ್ಣು ಮುಚ್ಚಿದೆ.

"ಕಾಳು ಅವ, ಆದ್ರ ಅಂಚು ಹರಿದಿಲ್ಲ. ಕೆಂಪು ಮುಗದ ಮ್ಯಾಲ ಹಳದಿ ಅದ, ಹಳದಿ ಮುಗದ ಮ್ಯಾಲ ನೆರಳ ಅದ. ಈ ಪೈಕಿ ಹಳದಿ ಅನ್ನೋದು ಮ್ಯಾಟ್ ಬಿಟ್ಟು ಬ್ಯಾರೆ ಎಲ್ಲೂ ಇಲ್ಲ. ಆಚೀಕಡಿ ಮ್ಯಾಟ್ ಭುಜದ ಬುಡಕಿಂದ ಕಾಣ್ಲತದ. ಐದರಾಗೂ ಅದ, ಏಳರಾಗೂ ಅದ. ಭುಜ ತಾಗಿಲ್ಲ." ತಲೆ ಹೊರಗೆ ತೆಗೆದು ಡಬ್ಬಿಯನ್ನು ನನ್ನ ಕೈಗಿತ್ತ. "ನನ್ನ ಕ್ಯಾಮೆರಾ ಅಲ್ಲಿ ಕುಂತಿದ್ರ ಇಷ್ಟು ದೂರ ಎಳೀತಿದ್ದಿಲ್ಲ ಅತ್ತಿ."

ವಸ್ತಾದ್ ಮ್ಯಾಟು ಬಡಿದ ಪಂಚರ ಕಡೆ ತಿರುಗಿದರು. ಆತ ಪ್ರಾಮಾಣಿಕ ಮನುಷ್ಯ. "ನಾ ಆಚೀಕಡಿ ಇದ್ದೆ. ಈ ಭುಜ ನನಗ ಕಂಡಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕೋಮಲ್‌ಳ ಮಣಿಕಟ್ಟು ಬಿಟ್ಟರು. ಆ ಪಟ್ಟನ್ನು ಲೆಕ್ಕಕ್ಕೆ ಹಿಡಿಯದೆ, ಅದಕ್ಕೆ ಮೊದಲು ಉಳಿದಿದ್ದ ನಲವತ್ತು ಸೆಕೆಂಡು ಮತ್ತೆ ಆಡಿಸಬೇಕೆಂದು ಘೋಷಣೆಯಾಯಿತು. ಮೆಟ್ಟಿಲ ಮೇಲೆ ಅರ್ಧ ಜನ ಚಪ್ಪಾಳೆ, ಅರ್ಧ ಜನ ಶಿಳ್ಳೆ.

ನಾನು ಅಲ್ಲೇ ಮ್ಯಾಟಿನ ಪಕ್ಕ ಕುಸಿದು ಕುಳಿತೆ. ಶಿವಲೀಲಾ ಮುಖ ಒರೆಸಿಕೊಂಡಳು. ಪೀಪಿ ಕೂಗಿತು. ಮೊದಲ ಇಪ್ಪತ್ತು ಸೆಕೆಂಡು ಕೋಮಲ್ ಹಿಂದೆ ಹಿಂದೆ ಸರಿದಳು. ಒಂದು ಗುಣ ಮುಂದಿದ್ದವಳು ಮತ್ತೇನು ಮಾಡುತ್ತಾಳೆ? ಶಿವಲೀಲಾ ಎರಡು ಸಲ ಕಾಲಿಗೆ ಕೈ ಹಾಕಿದಳು, ಎರಡು ಸಲವೂ ಜಾರಿತು. ಗುರಪ್ಪ ಮೂಲೆಯಿಂದ, "ತಲಿ ಒಳಗ! ತಲಿ ಒಳಗ ಹಾಕವ್ವಾ!" ಎಂದು ಗಂಟಲು ಹರಿದುಕೊಂಡ. ಹತ್ತು ಸೆಕೆಂಡು ಉಳಿದಿತ್ತು. ಶಿವಲೀಲಾ ಮೊಣಕಾಲು ನೆಲಕ್ಕೆ ಉಜ್ಜುವಷ್ಟು ತಗ್ಗಿ, ಕೋಮಲ್‌ಳ ತೋಳಿನ ಕೆಳಗಿಂದ ನುಸುಳಿ, ಬಲಗಾಲನ್ನು ಎದೆಗೆ ಅವಚಿಕೊಂಡು ಮುಂದೆ ನುಗ್ಗಿದಳು. ಆ ಎತ್ತರದ ಹುಡುಗಿ ಒಂಟಿಕಾಲಿನಲ್ಲಿ ಮೂರು ಹೆಜ್ಜೆ ಕುಣಿದು ಮುಗ್ಗರಿಸಿದಳು. ಶಿವಲೀಲಾ ಬೆನ್ನ ಹಿಂದೆ ಸುತ್ತಿಕೊಂಡು ಮ್ಯಾಟಿಗೆ ಒತ್ತಿದಳು. ಪಂಚರು ಎರಡು ಬೆರಳು ಎತ್ತಿದರು. ಹೊತ್ತು ಮುಗಿದ ಭೋಂಗಾ ಕೂಗಿತು.

ಎರಡು ಗುಣ. ಒಂದರಿಂದ ಗೆದ್ದಳು!

ನಾನು ಏನು ಕೂಗಿದೆನೋ ತಿಳಿಯದು, ಕನ್ನಡವೋ ಮರಾಠಿಯೋ ಅದೂ ತಿಳಿಯದು. ಗುರಪ್ಪ ಮಗಳನ್ನು ಎತ್ತಿಕೊಂಡು ಸುತ್ತು ಹಾಕಿದ. ಮ್ಯಾಟು ಬಡಿದಿದ್ದ ಅದೇ ಪಂಚರು ಬಂದು ಅವಳ ಕೈಯನ್ನು ಮೇಲೆತ್ತಿದರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಾಗೆಯೇ ಹಿಡಿದರು.

ಸ್ವಲ್ಪ ಹೊತ್ತಿನ ಮೇಲೆ ಕೋಮಲ್ ನನ್ನ ಹತ್ತಿರ ಬಂದಳು. ಕಣ್ಣು ಕೆಂಪಗಿತ್ತು. "ಬಾಯಿ, ಮಲಾ ದಾಖವಾ," ಎಂದಳು, ನನಗೆ ತೋರಿಸಿ. ನಾನು ಕೊಟ್ಟೆ. ತಾನೇ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. ಆಮೇಲೆ ಶಿವಲೀಲಾಳ ಕಡೆ ತಿರುಗಿ, "ನವ್ಹತಾಚ್ ಟೇಕಲಾ," ಎಂದಳು. ತಾಗಿರಲೇ ಇಲ್ಲ. ಶಿವಲೀಲಾ ತನ್ನ ಕೊರಳ ಟವೆಲ್ ತೆಗೆದು ಅವಳಿಗೆ ಕೊಟ್ಟಳು.

ಆಗ ಜನ ದಾರಿ ಬಿಟ್ಟರು. ಮಲ್ಲಪ್ಪ ಅಜ್ಜ ಚಪ್ಪಲಿ ಬಿಟ್ಟು ಮ್ಯಾಟಿನ ಮೇಲೆ ಬಂದರು. ತಮ್ಮ ತಲೆಯ ರುಮಾಲು ಬಿಚ್ಚಿ, ಮೊಮ್ಮಗಳ ಬೆವರಿದ ಕೂದಲಿನ ಮೇಲಿಟ್ಟು, ಸುತ್ತಿನ ಮೇಲೆ ಸುತ್ತು ಸುತ್ತತೊಡಗಿದರು. ಸುತ್ತು ವಾರೆಯಾಗುತ್ತಿತ್ತು. ಮತ್ತೆ ಬಿಚ್ಚಿ ಮತ್ತೆ ಸುತ್ತಿದರು. ಗುರಪ್ಪ ಮೂಲೆಯಲ್ಲಿ ನಿಂತು ಅಳುತ್ತಿದ್ದ.

ಬಸು ದೊಡ್ಡ ಕ್ಯಾಮೆರಾ ಎತ್ತಿಕೊಂಡು ಓಡಿಬಂದ. ಅಜ್ಜ ಕೈ ಅಡ್ಡ ಹಿಡಿದರು.

"ನೀ ಸರಿಯಪಾ. ಬಾಯಿ ತೆಗೀತಾರ."

ಬಸು ನಗುತ್ತ ಸರಿದ. ಅಜ್ಜ ಕೋಮಲ್‌ಳನ್ನೂ ಕೈ ಹಿಡಿದು ಎಳೆದರು. "ನೀನೂ ಬಾ ಯವ್ವಾ, ಈಕಡಿ ನಿಂದ್ರು." ಒಂದು ಬದಿಗೆ ರುಮಾಲಿನ ಮೊಮ್ಮಗಳು, ಇನ್ನೊಂದು ಬದಿಗೆ ಟವೆಲ್ ಹಿಡಿದ ಕೋಮಲ್, ನಡುವೆ ಬರಿತಲೆಯ ಅಜ್ಜ. ಹುಡುಗಿಯರಿಬ್ಬರೂ ಹಲ್ಲು ಬಿಟ್ಟರು. ಅಜ್ಜನ ಮುಖ ಮಾತ್ರ ಎಂದಿನಂತೆ ಬಿಗಿದೇ ಇತ್ತು.

"ಅಜ್ಜಾ, ತುಸು ನಗ್ರಿ," ಎಂದೆ.

"ನಗ್ಲತೀನಲ್ಲ ಬಾಯಿ. ಕಾಣಲ್ಲೇನು?"

ನಾನು ಝೂಮ್ ಎಳೆದೆ. ಹೌದು, ನಗುತ್ತಿದ್ದರು.